ಅಪ್ಪನ ಸಾಲದ ಪುಸ್ತಕ, ನನ್ನ 300 ಡಾಲರ್ ಕಾರ್ಡು

ತಿಪಟೂರಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಅಪ್ಪನದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ಸಾಲದ ಪುಸ್ತಕ ಇರುತ್ತಿತ್ತು. ಮನೆಗೊಂದು ಪುಟ. ಕೊಬ್ಬರಿ ಮಾರಿ ಬಂದವರು ಬಾಕಿ ತೀರಿಸಿದ ಕೂಡಲೇ ಅಪ್ಪ ಪುಟದ ಮೇಲೆ ಓರೆಯಾಗಿ ಗೆರೆ ಎಳೆದು ‘ಚುಕ್ತಾ’ ಎಂದು ಬರೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂರುತ್ತಿದ್ದ ನನಗಾಗಿ ಕೆಲವು ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಸೂಚನೆಗಳೂ ಇರುತ್ತಿದ್ದವು. ‘ಹೆಂಡತಿ ಆಸ್ಪತ್ರೆಯಲ್ಲಿ, ಯುಗಾದಿವರೆಗೆ ಕೇಳಬೇಡ’ ಎಂಬ ಒಂದು ಸಾಲು ನನಗೆ ಇಂದಿಗೂ ನೆನಪಿದೆ.

2015ರ ಜನವರಿಯಲ್ಲಿ ಕೆಲಸದ ವೀಸಾದ ಮೇಲೆ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದಿಳಿದಾಗ ನನ್ನ ಹೆಸರಿನಲ್ಲಿ ಅಂಥ ಒಂದು ಪುಟವೂ ಇರಲಿಲ್ಲ. ಬಾಡಿಗೆ ಮನೆಯ ಕಚೇರಿಯಲ್ಲಿದ್ದ ಮಹಿಳೆ ನನ್ನ ಗುರುತಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ, ಪರದೆಯನ್ನು ಎರಡು ಸಲ ನೋಡಿ, ಎರಡು ತಿಂಗಳ ಬಾಡಿಗೆ ಹೆಚ್ಚುವರಿ ಠೇವಣಿ ಕೇಳಿದರು. ಕೈಯಲ್ಲಿ ನೇಮಕಾತಿ ಪತ್ರವಿತ್ತು, ಬ್ಯಾಂಕಿನಲ್ಲಿ ಹಣವಿತ್ತು, ಊರಿನಲ್ಲಿ ಒಂದು ಪೈಸೆಯ ಸಾಲವಿರಲಿಲ್ಲ. ಅದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಸಾಲ ತೀರಿಸುವುದರಲ್ಲಿ ಒಬ್ಬರನ್ನು ಎಷ್ಟು ನಂಬಬಹುದು ಎಂದು ಹೇಳುವ ಅಂಕವೊಂದು (ಕ್ರೆಡಿಟ್ ಸ್ಕೋರ್) ಇಲ್ಲಿದೆ. ನನ್ನ ಅಂಕ ಕೆಟ್ಟದಾಗಿದ್ದರೆ ಮಾತು ಬೇರೆ. ನನಗೆ ಅಂಕವೇ ಇರಲಿಲ್ಲ. ‘ಯಾರಿಗೂ ಕೈ ಚಾಚದೆ ಬದುಕಬೇಕು’ ಎಂದು ನಮ್ಮ ಮನೆಗಳಲ್ಲಿ ಹೇಳಿಕೊಟ್ಟ ಬದುಕು ಇಲ್ಲಿ ಖಾಲಿ ಹಾಳೆಯಾಗಿ ಕಾಣುತ್ತದೆ ಎಂಬುದು ಆ ದಿನ ನನಗೆ ತಿಳಿಯಿತು, ಅದರಿಂದ ನೋವೂ ಆಯಿತು.

ಇಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಫೈಕೋ ಅಂಕ 1989ರಲ್ಲಿ ಬಂದದ್ದು. 300ರಿಂದ 850ರವರೆಗೆ ಇರುತ್ತದೆ. ಕನಿಷ್ಠ ಆರು ತಿಂಗಳು ಹಳೆಯ ಒಂದು ಸಾಲದ ಖಾತೆ ಇಲ್ಲದೆ ಅದು ಹುಟ್ಟುವುದೇ ಇಲ್ಲ. ಸಾಲವಿಲ್ಲದೆ ಅಂಕವಿಲ್ಲ, ಅಂಕವಿಲ್ಲದೆ ಸಾಲವಿಲ್ಲ. ಈ ಗಂಟನ್ನು ಬಿಡಿಸಲು ಹೊಸಬರಿಗಿರುವ ದಾರಿ ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡು. ನಾನು 300 ಡಾಲರ್ ಇಟ್ಟೆ, 300 ಡಾಲರ್ ಮಿತಿಯ ಕಾರ್ಡು ಬಂತು. ತಿಂಗಳಿಗೆ ಒಂದು ಫೋನ್ ಬಿಲ್, ಒಮ್ಮೊಮ್ಮೆ ಪೆಟ್ರೋಲು, ಅಷ್ಟೇ. ಬಿಲ್ಲಿನ ಪೂರ್ತಿ ಮೊತ್ತ ಗಡುವಿಗೆ ಮುಂಚೆ ಖಾತೆಯಿಂದ ತಾನಾಗಿಯೇ ಹೋಗುವಂತೆ ಮಾಡಿಟ್ಟೆ. ಏಳನೆಯ ತಿಂಗಳಿನಲ್ಲಿ ಮೊದಲ ಅಂಕ ಬಂತು, 691.

ಆ ಡಿಸೆಂಬರಿನಲ್ಲಿ ದಪ್ಪನೆಯ ಕೋಟು ಬೇಕಾಯಿತು. 240 ಡಾಲರ್. ಅದೇ ಕಾರ್ಡಿನಲ್ಲಿ ಕೊಂಡೆ, ಗಡುವಿಗೆ ಮುಂಚೆಯೇ ಪೂರ್ತಿ ಕಟ್ಟಿದೆ. ಆದರೂ ಅಂಕ 652ಕ್ಕೆ ಇಳಿಯಿತು. ಯಾವ ತಪ್ಪೂ ಮಾಡದೆ ಶಿಕ್ಷೆ ಸಿಕ್ಕಂತಾಗಿ ಎರಡು ರಾತ್ರಿ ಕುಳಿತು ಓದಿದೆ. ಕಾರಣ ಸಿಕ್ಕಿತು. ಬಿಲ್ ಸಿದ್ಧವಾಗುವ ದಿನ ಬೇರೆ, ಹಣ ಕಟ್ಟುವ ಗಡುವು ಬೇರೆ. ಕಾರ್ಡಿನ ಕಂಪನಿಗಳು ಸಾಮಾನ್ಯವಾಗಿ ಬಿಲ್ ಸಿದ್ಧವಾದ ದಿನದ ಬಾಕಿಯನ್ನೇ ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ ವರದಿ ಮಾಡುತ್ತವೆ. ಆ ದಿನ ನನ್ನ ಪುಟದಲ್ಲಿ ಮಿತಿಯ 80 ಪ್ರತಿಶತ ಬಳಕೆಯಾಗಿತ್ತು. ನಂತರ ಕಟ್ಟಿದೆನೋ ಇಲ್ಲವೋ ಎಂಬುದು ಆ ತಿಂಗಳ ಲೆಕ್ಕಕ್ಕೆ ಸಿಗಲಿಲ್ಲ. ಮುಂದಿನ ತಿಂಗಳು ಬಿಲ್ ಸಿದ್ಧವಾಗುವ ಮೂರು ದಿನ ಮುಂಚೆಯೇ ಬಹುಪಾಲು ಕಟ್ಟಿದೆ. ಇಳಿದ ಅಂಕ ಮತ್ತೆ ಏರಿತು. ಅಂಕದಲ್ಲಿ 35 ಪ್ರತಿಶತ ತೂಕ ಸಕಾಲದ ಮರುಪಾವತಿಗೆ, 30 ಪ್ರತಿಶತ ತೂಕ ಉಳಿದಿರುವ ಬಾಕಿಗೆ. ಬಾಕಿಯಿಂದ ಬಿದ್ದ ಪೆಟ್ಟು ಒಂದೆರಡು ತಿಂಗಳಿನಲ್ಲಿ ಮಾಯುತ್ತದೆ. ಕಂತು 30 ದಿನ ಮೀರಿ ತಪ್ಪಿದರೆ ಆ ಕಲೆ ಏಳು ವರ್ಷ ಉಳಿಯುತ್ತದೆ.

‘ಸ್ವಲ್ಪ ಬಾಕಿ ಉಳಿಸಿಕೋ, ಬಡ್ಡಿ ಕಟ್ಟಿದರೆ ಅಂಕ ಬೆಳೆಯುತ್ತದೆ’ ಎಂದು ಕಚೇರಿಯ ಹಿರಿಯರೊಬ್ಬರು ಹೇಳಿದ್ದರು. ಅದು ಶುದ್ಧ ಸುಳ್ಳು. ಬಡ್ಡಿ ಕಟ್ಟುವುದರಿಂದ ಬೆಳೆಯುವುದು ಕಂಪನಿಯ ಲಾಭ ಮಾತ್ರ. ಈ ಮಾತನ್ನು ನಂಬಿ ವರ್ಷಗಟ್ಟಲೆ ಬಡ್ಡಿ ತೆತ್ತ ಕನ್ನಡದ ಹುಡುಗರನ್ನು ಈ ಊರಿನಲ್ಲಿಯೇ ನೋಡಿದ್ದೇನೆ.

ಇಷ್ಟೆಲ್ಲ ಕಲಿತ ಮೇಲೆ ಒಂದು ಸಂಗತಿ ಓದಿ ಬೆರಗಾದೆ. ಇಲ್ಲಿ ಸಾಲದ ದಾಖಲೆ ಇಡುವ ಮೂರು ದೊಡ್ಡ ಸಂಸ್ಥೆಗಳಲ್ಲಿ ಒಂದಾದ ಈಕ್ವಿಫ್ಯಾಕ್ಸ್‌ನ ಬೇರು ದಿನಸಿ ಅಂಗಡಿಗಳಲ್ಲಿದೆ. ಕೇಟರ್ ವುಲ್ಫರ್ಡ್ ಎಂಬ ವ್ಯಾಪಾರಿ ಟೆನೆಸಿಯ ಚಾಟನೂಗದಲ್ಲಿ ದಿನಸಿ ಅಂಗಡಿಯವರಿಗಾಗಿ ಗಿರಾಕಿಗಳ ಸಾಲದ ಪಟ್ಟಿ ಮಾಡಿದ. 1899ರಲ್ಲಿ ತಮ್ಮನೊಡನೆ ಅಟ್ಲಾಂಟಾದಲ್ಲಿ ಅದನ್ನೇ ಕಂಪನಿಯಾಗಿ ಕಟ್ಟಿದ. ಬೇಗ ತೀರಿಸುವವರು, ತಡಮಾಡುವವರು, ನಗದು ಕೇಳಬೇಕಾದವರು ಎಂದು ಅವರ ಪುಸ್ತಕದಲ್ಲಿ ಗುರುತುಗಳಿದ್ದವು. ಅಂದರೆ ಅಪ್ಪನ ಪುಸ್ತಕವೇ! ಆದರೆ ಆ ಪುಸ್ತಕ ಊರು ದಾಟಿ ಬೆಳೆದಂತೆ ಅದರಲ್ಲಿ ಜನರ ಕುಡಿತ, ಸಂಸಾರ, ನಡತೆಯ ಬಗ್ಗೆ ನೆರೆಹೊರೆಯ ಗಾಳಿಮಾತೂ ಸೇರಿಕೊಂಡಿತು. ತನ್ನ ಬಗ್ಗೆ ಏನು ಬರೆದಿದೆ ಎಂದು ನೋಡುವ, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ಇಲ್ಲಿನ ಪ್ರಜೆಗೆ ಸಿಕ್ಕಿದ್ದು 1970ರ ಕಾನೂನಿನಿಂದ. ಹೆಣ್ಣು ಎಂಬ ಕಾರಣಕ್ಕೆ ಸಾಲ ನಿರಾಕರಿಸಬಾರದೆಂದು 1974ರಲ್ಲಿ, ಬಣ್ಣ, ಧರ್ಮಗಳ ಕಾರಣಕ್ಕೂ ನಿರಾಕರಿಸಬಾರದೆಂದು 1976ರಲ್ಲಿ ಕಾನೂನಾಯಿತು.

ಎರಡೂ ಪುಸ್ತಕಗಳ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಯುಗಾದಿವರೆಗೆ ಕೇಳಬೇಡ ಎಂದು ಬರೆದಿಡುವ ಪೆನ್ಸಿಲು ಅಮೆರಿಕದ ಅಂಕದಲ್ಲಿಲ್ಲ. ಆಸ್ಪತ್ರೆಗೆ ಸೇರಿದವನ ತಪ್ಪಿದ ಕಂತಿಗೂ ಜೂಜಾಡಿದವನ ತಪ್ಪಿದ ಕಂತಿಗೂ ಅಲ್ಲಿ ಒಂದೇ ಬೆಲೆ. ಅದು ದೊಡ್ಡ ಕೊರತೆ. ಆದರೆ ಅಪ್ಪನ ಪುಸ್ತಕದಲ್ಲಿ ಕೆರೆಯಾಚೆಯ ಕೇರಿಯವರಿಗೆ ಪುಟಗಳೇ ಇರಲಿಲ್ಲ. ಅವರು ನಗದು ಕೊಟ್ಟೇ ಕೊಳ್ಳಬೇಕಿತ್ತು, ಅದೂ ಹೊರಗೆ ನಿಂತು. ಅವರಲ್ಲಿ ಯಾರೂ ಹಣ ಮುಳುಗಿಸಿದ್ದನ್ನು ನಾನು ಕಾಣೆ. ಮುಳುಗಿಸಲು ಅವರಿಗೆ ಸಾಲವನ್ನೇ ಕೊಟ್ಟಿರಲಿಲ್ಲ. ಕೊಲಂಬಸ್‌ನ ಕಂಪ್ಯೂಟರಿಗೆ ನನ್ನ ಮುಖ ಗೊತ್ತಿರಲಿಲ್ಲ ಎಂದು ಮೊದಲ ದಿನ ನೊಂದಿದ್ದೆ. ಮುಖ ಗೊತ್ತಿದ್ದ ಕಾರಣಕ್ಕೇ ಬಾಗಿಲಾಚೆ ನಿಂತವರ ನೆನಪಾದಾಗ ಆ ನೋವು ಚಿಕ್ಕದೆನಿಸಿತು. ಎರಡರಲ್ಲಿ ಒಂದನ್ನು ಆರಿಸು ಎಂದರೆ, 300 ಡಾಲರ್ ಠೇವಣಿ ಇಟ್ಟು ಯಾರು ಬೇಕಾದರೂ ತೆರೆಯಬಹುದಾದ ಪುಟವನ್ನೇ ಆರಿಸುತ್ತೇನೆ.

ಇದು ಈಗ ಅಮೆರಿಕದ ಮಾತು ಮಾತ್ರವಲ್ಲ. ನಮ್ಮಲ್ಲೂ ಸಾಲದ ದಾಖಲೆ ಇಡುವ ಸಿಬಿಲ್ ಸಂಸ್ಥೆ 2000ದಲ್ಲಿ ಹುಟ್ಟಿತು, ಇಂಥ ಸಂಸ್ಥೆಗಳಿಗೆಂದು 2005ರಲ್ಲಿ ಕಾನೂನು ಬಂತು. ಅಂಕ 300ರಿಂದ 900. ಬ್ಯಾಂಕ್ ನೌಕರಿಯ ಅಧಿಸೂಚನೆಗಳಲ್ಲಿಯೂ ಸಾಲದ ಇತಿಹಾಸದ ಷರತ್ತು ಕಾಣಿಸಿಕೊಂಡಿದೆ. ಆದರೆ ನಮ್ಮ ಮನಸ್ಸು ಇನ್ನೂ ಪಿಗ್ಮಿಯ ಕಾಲದ್ದು. 1928ರಲ್ಲಿ ಉಡುಪಿಯಲ್ಲಿ ಹುಟ್ಟಿದ ಪಿಗ್ಮಿ ಠೇವಣಿ, ಮನೆಬಾಗಿಲಿಗೆ ಬಂದು ಪುಡಿಗಾಸನ್ನೂ ಒಯ್ದು ಉಳಿತಾಯ ಕಲಿಸಿತು. ಅದಕ್ಕೆ ನಾವು ಋಣಿಗಳು. ಆದರೆ ಮೂವತ್ತು ವರ್ಷ ತಪ್ಪದೆ ಪಿಗ್ಮಿ ಕಟ್ಟಿದವನ ಶಿಸ್ತು ಸಿಬಿಲ್ ವರದಿಯಲ್ಲಿ ಒಂದು ಸಾಲನ್ನೂ ಪಡೆಯುವುದಿಲ್ಲ. ಅಲ್ಲಿ ಬರೆಯುವುದು ಪಡೆದ ಸಾಲ, ತೀರಿಸಿದ ಸಾಲ.

ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ತಂಗಿಯ ಮಗ ಫೋನನ್ನು ಬಡ್ಡಿಯಿಲ್ಲದ ಕಂತಿನಲ್ಲಿ ಕೊಂಡಿದ್ದ. ‘ಅದು ಸಾಲವಲ್ಲ ಮಾವ, ಬರೀ ಕಂತು’ ಎಂದ. ಖಾತೆಯಲ್ಲಿ ಹಣ ಸಾಲದೆ ಎರಡು ಕಂತು ವಾಪಸಾಗಿದ್ದವು. ಹೀಗೆ ಅವನ ಬದುಕಿನ ಮೊದಲ ಪುಟದ ಮೊದಲ ಸಾಲಿನಲ್ಲಿಯೇ ಕಪ್ಪು ಚುಕ್ಕೆ ಬಿದ್ದಿತು. ಬಾಕಿ ಪೂರ್ತಿ ಕಟ್ಟಿಸಿ, ನಿಶ್ಚಿತ ಠೇವಣಿಯ ಆಧಾರದ ಮೇಲೆ ಸಣ್ಣ ಮಿತಿಯ ಕಾರ್ಡು ತೆಗೆಸಿದೆ. ವಸೂಲಿಯವರು ‘ಅರ್ಧಕ್ಕೆ ಇತ್ಯರ್ಥ ಮಾಡಿಕೊಡುತ್ತೇವೆ’ ಎಂದಾಗ ಅವನು ಒಪ್ಪಲು ಹೊರಟಿದ್ದ, ನಾನೇ ತಡೆದೆ. ಇತ್ಯರ್ಥವಾದ ಸಾಲಕ್ಕೂ ಪೂರ್ತಿ ತೀರಿದ ಸಾಲಕ್ಕೂ ವರದಿಯಲ್ಲಿ ಬೇರೆ ಬೇರೆ ಗುರುತು ಬೀಳುತ್ತದೆ. ಇತ್ಯರ್ಥ ಎಂಬುದು ‘ಚುಕ್ತಾ’ ಅಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಮ್ಮ ಜಾಮೀನಿನ ರೂಢಿ. ನೆಂಟರು ಬಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ ಎಂದು ಸಹಿ ಹಾಕಿಬಿಡುತ್ತೇವೆ. ಅಮೆರಿಕದಲ್ಲಿ ಆ ದಾಕ್ಷಿಣ್ಯ ನನಗೆ ಕಾಣಲಿಲ್ಲ. ತಂದೆಯೂ ಮಗನ ಸಾಲಕ್ಕೆ ಸಹಿ ಹಾಕುವ ಮುನ್ನ ಯೋಚಿಸಲು ಸಮಯ ಕೇಳುತ್ತಾನೆ. ಅದನ್ನು ಕಲ್ಲುಮನಸ್ಸು ಎಂದುಕೊಳ್ಳುತ್ತಿದ್ದೆ, ಈಗ ಹಾಗೆ ಅನಿಸುವುದಿಲ್ಲ. ಕಳೆದ ವರ್ಷ ಅಪ್ಪ ಅಂಗಡಿಯ ಛಾವಣಿ ರಿಪೇರಿಗೆ ಬ್ಯಾಂಕಿನಲ್ಲಿ ಸಾಲ ಕೇಳಿದರು. ಜೀವಮಾನದಲ್ಲಿ ಅವರು ಕೇಳಿದ ಮೊದಲ ಬ್ಯಾಂಕ್ ಸಾಲ ಅದು. ಸಿಕ್ಕಲಿಲ್ಲ. ಒಂದು ರಾತ್ರಿ ವಿಡಿಯೊ ಕರೆಯಲ್ಲಿ ಕುಳಿತು, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಅವರ ವರದಿಯನ್ನು ತೆಗೆದೆವು. ದೂರದ ಸಂಬಂಧಿಯೊಬ್ಬರ ಟ್ರ್ಯಾಕ್ಟರ್ ಸಾಲ, ಜಾಮೀನುದಾರರು ಎಂದು ಅಪ್ಪನ ಹೆಸರು, ಕೆಳಗೆ ತಪ್ಪಿದ ಕಂತುಗಳ ಸಾಲು.

‘ಆತ ಹೋದ ದೀಪಾವಳಿಗೇ ತೀರಿಸಿದೆ ಎಂದಿದ್ದನಲ್ಲ’ ಎಂದರು ಅಪ್ಪ. ತೀರಿಸಿದ್ದು ನಿಜವೂ ಆಗಿತ್ತು. ಆದರೆ ದಾಖಲೆ ತಿದ್ದಿರಲಿಲ್ಲ. ಬ್ಯಾಂಕಿನಿಂದ ಬಾಕಿಯಿಲ್ಲದ ಪತ್ರ ತರಿಸಿಕೊಳ್ಳಲು ಆತನಿಗೆ ಹೇಳಿದೆವು. ವರದಿಯ ತಪ್ಪಿನ ಬಗ್ಗೆ ದೂರು ಕೊಟ್ಟು 30 ದಿನಗಳಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ ಎಂದಾಗ ಅಪ್ಪ ಅದನ್ನು ಸಾಲದ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಬರೆದುಕೊಂಡರು. ದೂರು ಕೊಟ್ಟ ತಾರೀಖನ್ನೂ ಪಕ್ಕದಲ್ಲಿ ಬರೆದರು. ಇಪ್ಪತ್ತಾರನೆಯ ದಿನ ಅವರೇ ಫೋನ್ ಮಾಡಿ, ವರದಿಯನ್ನು ಇನ್ನೊಮ್ಮೆ ತೆಗೆದು ನೋಡು ಎಂದರು.