ಬಾಲನ್ ಬದಲಾಯಿಸುವ ಮೊದಲು ಆ ಮೂಲೆಯ ಪಟ್ಟಿ ನೋಡಿ

ನಿನ್ನೆ ರಾತ್ರಿ ಒಂಬತ್ತರ ಸುಮಾರಿಗೆ ಒಬ್ಬ ಹುಡುಗ ಫೋನ್ ಮಾಡಿದ. ಹಾವೇರಿ ಕಡೆಯವನು. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ದನಿಯಲ್ಲೇ ಬೇಜಾರು ಗೊತ್ತಾಗುತ್ತಿತ್ತು.

"ಎರಡ ವಾರ ಆತ್ರಿ ಸರ್, ಎಫ್‌ಟಿ8 ಸರಿಯಾಗಿ ಆಗವಲ್ದು. ರಾತ್ರಿ ಪೂರಾ ಕುಂತರೂ ನಾಕೈದು ಸ್ಟೇಷನ್ ಅಷ್ಟ ಡಿಕೋಡ್ ಆಗ್ತಾವ. ಆಂಟೆನಾ ಸರಿ ಇಲ್ಲ ಅನಸ್ತೈತಿ. ಬ್ಯಾರೆ ಬಾಲನ್ ತರಸ್ಲೇನ್ರಿ?"

ಎಫ್‌ಟಿ8 ಅಂದರೆ ರೇಡಿಯೋಗೆ ಕಂಪ್ಯೂಟರ್ ಜೋಡಿಸಿ, ಹದಿನೈದು ಸೆಕೆಂಡಿನ ಸರದಿಯಲ್ಲಿ ಚಿಕ್ಕ ಸಂದೇಶ ಕಳಿಸುವ ವಿಧಾನ. ಬಂದದ್ದನ್ನು ಕಂಪ್ಯೂಟರ್ ಬಿಡಿಸಿ ಓದುವುದೇ ಡಿಕೋಡ್. ಬಾಲನ್ ಅಂದರೆ ಆಂಟೆನಾಕ್ಕೂ ಕೇಬಲ್‌ಗೂ ನಡುವೆ ಕೂರಿಸುವ ಸಣ್ಣ ಭಾಗ.

ಕಂಪ್ಯೂಟರ್ ಟೈಮ್ ಸಿಂಕ್ ಮಾಡಿದ್ದೀಯಾ ಅಂತ ಕೇಳಿದೆ. ಮಾಡಿದ್ದ. ಫ್ರೀಕ್ವೆನ್ಸಿ 7.074 ಮೆಗಾಹರ್ಟ್ಸ್, ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್, ಎಲ್ಲ ಸರಿ ಇತ್ತು. ಆಮೇಲೆ ಕೇಳಿದೆ: "ಸ್ಕ್ರೀನ್‌ನಲ್ಲಿ ಎಡಗಡೆ ಕೆಳಗೆ ಒಂದು ಪಟ್ಟಿ ಇದೆ ಅಲ್ವಾ, ಥರ್ಮಾಮೀಟರ್ ಥರ. ಅದರ ಕೆಳಗಿನ ನಂಬರ್ ಎಷ್ಟು?"

ಸ್ವಲ್ಪ ಹೊತ್ತು ಹುಡುಕಿದ. "ಎಂಬತ್ತೇಳು ಐತ್ರಿ. ಕೆಂಪಗೈತಿ."

ಎರಡು ವಾರದಿಂದ ಅದು ಅವನ ಕಣ್ಣೆದುರೇ ಕೆಂಪಗೆ ನಿಂತಿತ್ತು. ಅದನ್ನು ನೋಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ರಿಗ್‌ನ, ಅಂದರೆ ರೇಡಿಯೋ ಸೆಟ್‌ನ, ಸ್ಪೀಕರ್ ಜ್ಯಾಕ್‌ನಿಂದ ಒಂದು ವೈರ್ ಎಳೆದು ಯುಎಸ್‌ಬಿ ಸೌಂಡ್ ಕಾರ್ಡ್‌ನ ಮೈಕ್ ತೂತಿಗೆ ಹಾಕಿದ್ದ. ಹೊಸಬರು ಹೆಚ್ಚಿನವರು ಮಾಡುವುದು ಇದನ್ನೇ, ತಪ್ಪೇನಿಲ್ಲ. ಆದರೆ ಮೈಕ್ ಇನ್‌ಪುಟ್ ಬಯಸುವುದು ಕೆಲವು ಮಿಲಿವೋಲ್ಟ್. ಸ್ಪೀಕರ್ ಕೊಡುವುದು ಅದರ ಎಷ್ಟೋ ಪಟ್ಟು. ಅದರ ಮೇಲೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಬೂಸ್ಟ್ 20 ಡಿಬಿ, ಅಂದರೆ ಹತ್ತು ಪಟ್ಟು, ಆನ್ ಇತ್ತು. ಸ್ಲೈಡರ್ ನೂರಕ್ಕೆ ನೂರು. ಬೂಸ್ಟ್ ಸೊನ್ನೆ ಮಾಡಿಸಿದೆ. ಸ್ಲೈಡರ್ ಇಳಿಸಿಸಿದೆ. ರಿಗ್‌ನ ವಾಲ್ಯೂಮ್ ನಾಬ್ ತಿರುಗಿಸುತ್ತಾ ನಂಬರ್ ಓದು ಅಂದೆ. ಅರವತ್ತು, ಐವತ್ತೆರಡು, ನಲವತ್ತು, ಮೂವತ್ತೊಂದು. "ಮೂವತ್ತರ ಆಸುಪಾಸು ಇದ್ದರೆ ಸರಿ, ಅಲ್ಲೇ ಬಿಡು" ಅಂದೆ.

ಮುಂದಿನ ಹದಿನೈದು ಸೆಕೆಂಡ್ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಎಣಿಸತೊಡಗಿದ. ಹನ್ನೊಂದು ಸಾಲು. ಅದರ ಮುಂದಿನ ಸರದಿಯಲ್ಲಿ ಹದಿನಾಲ್ಕು. ಬಾಲನ್ ಆರ್ಡರ್ ಮಾಡುವ ವಿಚಾರ ಅಲ್ಲಿಗೆ ನಿಂತಿತು.

ಇವನು ಈ ವರ್ಷ ಇದೇ ಕಾರಣಕ್ಕೆ ಫೋನ್ ಮಾಡಿದ ಮೂರನೇ ಹುಡುಗ. ಅದಕ್ಕೇ ಇದನ್ನು ಬರೆಯಲೇಬೇಕು ಅನ್ನಿಸಿತು. ನಾವು ಹೊಸ ಹ್ಯಾಮ್‌ಗಳಿಗೆ ಓಮನ ನಿಯಮ ಹೇಳಿಕೊಡುತ್ತೇವೆ. ಕ್ಯೂ ಕೋಡ್ ಬಾಯಿಪಾಠ ಮಾಡಿಸುತ್ತೇವೆ. ಡೈಪೋಲ್ ಆಂಟೆನಾದ ಉದ್ದದ ಲೆಕ್ಕ ಮಾಡಿಸುತ್ತೇವೆ. ಆದರೆ ಈಗ ಲೈಸೆನ್ಸ್ ತಗೊಂಡ ಹುಡುಗರಲ್ಲಿ ಎಷ್ಟೋ ಜನ ಮೈಕ್ ಹಿಡಿಯುವುದಕ್ಕಿಂತ ಮೊದಲು ಲ್ಯಾಪ್‌ಟಾಪ್ ತೆರೆಯುತ್ತಾರೆ. ಅವರಿಗೆ ಆಡಿಯೋ ಲೆವೆಲ್ ನೋಡುವುದನ್ನು ಮೊದಲ ದಿನವೇ ಕಲಿಸಬೇಕು. ನನ್ನ ಪ್ರಕಾರ ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) ನೋಡುವುದು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಈ ಮೂವತ್ತು ಎಲ್ಲಿಂದ ಬಂತು ಅಂತ ಕೇಳುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಫ್‌ಟಿ8 ಓಡಿಸುವ ಪ್ರೋಗ್ರಾಮ್ ಡಬ್ಲ್ಯೂಎಸ್‌ಜೆಟಿ-ಎಕ್ಸ್. ಅದು ಸೌಂಡ್ ಕಾರ್ಡ್‌ನಿಂದ 16 ಬಿಟ್ ಆಡಿಯೋ ತಗೊಳ್ಳುತ್ತದೆ. ಅಂದರೆ ಸಿಗ್ನಲ್ ಹೆಚ್ಚೆಂದರೆ 32,767ರ ತನಕ ಏರಬಹುದು. ಅದಕ್ಕಿಂತ ಮೇಲೆ ಜಾಗ ಇಲ್ಲ. ಆ ತುದಿಯೇ ಮೀಟರ್‌ನಲ್ಲಿ 90 ಡಿಬಿ. ಪ್ರತಿ 20 ಡಿಬಿಗೆ ಹತ್ತು ಪಟ್ಟು ಅನ್ನುವ ಲೆಕ್ಕದಲ್ಲಿ 30 ಡಿಬಿ ಅಂದರೆ ಸುಮಾರು 32. ಬ್ಯಾಂಡ್‌ನಲ್ಲಿ ಬರೀ ಗದ್ದಲ ಇರುವಾಗ ಲೆವೆಲ್ ಅಷ್ಟರಲ್ಲಿದ್ದರೆ, ಆ ಗದ್ದಲಕ್ಕಿಂತ ಸಾವಿರ ಪಟ್ಟು ದೊಡ್ಡ ಸಿಗ್ನಲ್ ಬಂದರೂ ಜಾಗ ಇರುತ್ತದೆ.

ಹಾಲು ಕಾಯಿಸುವವರು ಪಾತ್ರೆಯ ಕಂಠದ ತನಕ ಹಾಲು ಹಾಕುವುದಿಲ್ಲ. ಉಕ್ಕುವುದಕ್ಕೆ ಜಾಗ ಬಿಡುತ್ತಾರೆ. ಇದೂ ಅದೇ ಲೆಕ್ಕ. ಎಂಬತ್ತೇಳರಲ್ಲಿ ಬರೀ ಗದ್ದಲವೇ ಕಂಠದ ತನಕ ಬಂದಿರುತ್ತದೆ. ಅದರ ಮೇಲೆ ಹತ್ತಿರದ ಊರಿನ ಸ್ಟೇಷನ್ ಒಂದು ಜೋರಾಗಿ ಬಂದರೆ ಅದರ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಜಾತ್ರೆಯಲ್ಲಿ ಮೈಕ್ ಸೆಟ್ಟನ್ನು ಪೂರ್ತಿ ಏರಿಸಿ ಹಚ್ಚಿದಾಗ ಹಾಡಿನ ಒಂದು ಪದವೂ ತಿಳಿಯುವುದಿಲ್ಲ ಅಲ್ವಾ? ಕಿವಿಗೆ ಬೀಳುವುದು ಜೋರಾಗಿಯೇ ಬೀಳುತ್ತದೆ, ಆದರೆ ಹಾಡು ಎಲ್ಲೋ ಕಳೆದುಹೋಗಿರುತ್ತದೆ.

ತಲೆ ಕತ್ತರಿಸಿದ ಸಿಗ್ನಲ್ ತಾನೊಂದೇ ಹಾಳಾಗುವುದಿಲ್ಲ. 1000 ಹರ್ಟ್ಸ್‌ನಲ್ಲಿ ಒಂದು, 1200ರಲ್ಲಿ ಒಂದು ಜೋರಾದ ಸ್ಟೇಷನ್ ಇದೆ ಅಂತಿಟ್ಟುಕೊಳ್ಳಿ. ಇನ್‌ಪುಟ್ ತುಂಬಿ ತುಳುಕುತ್ತಿದ್ದರೆ 800ರಲ್ಲಿ, 1400ರಲ್ಲಿ ಇಲ್ಲದ ಸಿಗ್ನಲ್‌ಗಳು ಹುಟ್ಟಿಕೊಳ್ಳುತ್ತವೆ. ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಸ್ಕ್ರೀನ್ ಚಿತ್ರ) ತುಂಬಾ ಗೆರೆ ಕಾಣುತ್ತದೆ. ಬ್ಯಾಂಡ್ ಭಾರೀ ಜೋರಾಗಿದೆ ಅನ್ನಿಸುತ್ತದೆ. ನಿಜವಾಗಿ 1400ರಲ್ಲಿ ಮೆಲ್ಲಗೆ ಕರೆಯುತ್ತಿದ್ದ ಯಾರೋ ದೂರದ ಒಬ್ಬರು ಅದರಡಿ ಮುಚ್ಚಿಹೋಗಿರುತ್ತಾರೆ.

ನನಗೆ ಸಂಕಟವಾಗುವುದು ಇಲ್ಲೇ. ಎಫ್‌ಟಿ8 ಹುಟ್ಟಿದ್ದೇ ಆ ಮೆಲ್ಲಗೆ ಕರೆಯುವವರಿಗಾಗಿ. 2017ರಲ್ಲಿ ಇದನ್ನು ಕೊಟ್ಟವರು ಸ್ಟೀವ್ ಫ್ರಾಂಕೆ ಮತ್ತು ಜೋ ಟೇಲರ್. ಹೆಸರಿನಲ್ಲಿರುವ ಎಫ್ ಮತ್ತು ಟಿ ಅವರಿಬ್ಬರವೇ. ಟೇಲರ್ ಯಾರು ಅಂತ ಗೊತ್ತಲ್ವಾ? ಜೋಡಿ ಪಲ್ಸರ್ (ಇನ್ನೊಂದು ನಕ್ಷತ್ರದ ಜೊತೆ ಸುತ್ತುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಕಂಡುಹಿಡಿದದ್ದಕ್ಕೆ ರಸೆಲ್ ಹಲ್ಸ್ ಜೊತೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಗದ್ದಲದಿಂದ ಸಣ್ಣ ಮಿಡಿತ ಹೆಕ್ಕಿ ತೆಗೆಯುವುದರಲ್ಲಿ ಜೀವನ ಕಳೆದ ಮನುಷ್ಯ. ಅವರ ಈ ಮೋಡ್ ಗದ್ದಲಕ್ಕಿಂತ 20 ಡಿಬಿ ಕೆಳಗಿರುವ ಸಿಗ್ನಲನ್ನೂ ಓದಬಲ್ಲದು. ಅಂಥದ್ದನ್ನು ನಾವು ಬಿಟ್ಟಿಯಾಗಿ ಇಳಿಸಿಕೊಂಡು, ಒಂದು ಸ್ಲೈಡರ್ ನೋಡದೆ ಕೆಡಿಸಿಕೊಳ್ಳುತ್ತಿದ್ದೇವೆ.

ನನಗೂ ಒಮ್ಮೆ ಹೀಗೇ ಆಗಿತ್ತು. ಅದು ಜಾಸ್ತಿಯಾಗಿ ಅಲ್ಲ, ಕಮ್ಮಿಯಾಗಿ. ಎರಡು ವರ್ಷದ ಹಿಂದೆ, ಮಳೆಗಾಲದ ಶುರುವಿನಲ್ಲಿ, ಡಿಕೋಡ್ ಇದ್ದಕ್ಕಿದ್ದಂತೆ ಇಳಿದುಹೋಯಿತು. ತೋಟದ ಎರಡು ತೆಂಗಿನ ಮರದ ನಡುವೆ ಡೈಪೋಲ್ ಕಟ್ಟಿದ್ದೇನೆ. ಮಳೆನೀರು ಆಂಟೆನಾದ ಕೋಆಕ್ಸ್ ಕೇಬಲ್‌ಗೆ ಇಳಿದಿದೆ ಅಂತ ಗಟ್ಟಿಯಾಗಿ ನಂಬಿಬಿಟ್ಟೆ. ಮರ ಹತ್ತುವವರನ್ನು ಕರೆಸಿ ಆಂಟೆನಾ ಇಳಿಸಿ, ಕನೆಕ್ಟರ್ ಬಿಚ್ಚಿ ಒಣಗಿಸಿ, ಹೊಸದಾಗಿ ಟೇಪ್ ಸುತ್ತಿ ಮತ್ತೆ ಏರಿಸಿದೆವು. ಏನೂ ಬದಲಾಗಲಿಲ್ಲ.

ನಾಲ್ಕನೇ ರಾತ್ರಿ ಬೇರೆ ಏನೂ ಮಾಡದೆ ಆ ಪಟ್ಟಿಯನ್ನೇ ನೋಡುತ್ತಾ ಕುಳಿತೆ. ಮೂವತ್ತರಲ್ಲಿ ಶುರುವಾಗುತ್ತಿತ್ತು. ಎರಡು ಮೂರು ಸೆಕೆಂಡಿಗೆ ಜಾರಿ ಹನ್ನೆರಡಕ್ಕೆ ಬರುತ್ತಿತ್ತು. ಮತ್ತೆ ಜಿಗಿದು ಮೇಲೆ, ಮತ್ತೆ ಕೆಳಗೆ. ಆಂಟೆನಾ ಕೆಟ್ಟರೆ ಹೀಗೆ ಆಡುವುದಿಲ್ಲ. ಲ್ಯಾಪ್‌ಟಾಪ್ ಅಪ್‌ಡೇಟ್ ಆದಾಗ ಮೈಕ್‌ಗೆ ನಾಯ್ಸ್ ಸಪ್ರೆಶನ್ ತಾನಾಗಿಯೇ ಆನ್ ಆಗಿತ್ತು. ವಿಡಿಯೋ ಕಾಲ್‌ನಲ್ಲಿ ಫ್ಯಾನ್ ಸದ್ದು ತೆಗೆಯುವುದಕ್ಕೆ ಅಂತ ಇರುವ ಸೌಲಭ್ಯ ಅದು. ಒಂದೇ ಸಮನೆ ಬರುವ ಸದ್ದನ್ನೆಲ್ಲ ಗದ್ದಲ ಅಂತ ಒರೆಸಿ ಹಾಕುತ್ತದೆ. ಎಫ್‌ಟಿ8 ಅದರ ಕಿವಿಗೆ ಫ್ಯಾನ್ ಥರವೇ ಕೇಳುತ್ತದೆ. ಆಫ್ ಮಾಡಿದೆ, ಎಲ್ಲ ವಾಪಸ್ ಬಂತು. ಮರ ಹತ್ತಿದವರಿಗೆ ಕೊಟ್ಟ ದುಡ್ಡಿಗಿಂತ, ನಾಲ್ಕು ಒಳ್ಳೆಯ ರಾತ್ರಿ ಹೋಯಿತಲ್ಲ ಅಂತ ಈಗಲೂ ಬೇಜಾರು.

ಅದಕ್ಕೇ, "ಲೆವೆಲ್ ತಾನೇ ಸರಿ ಮಾಡಿಕೊಳ್ಳುವ ಆಟೋ ಗೇನ್ ಹಾಕಿಬಿಟ್ಟರೆ ಆಯ್ತಲ್ಲ" ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಸೌಂಡ್ ಕಾರ್ಡ್‌ನ ಆಟೋ ಗೇನ್ ಬಗ್ಗುವುದು ಜೋರಾದವರಿಗೆ. ಒಬ್ಬ ಜೋರಾಗಿ ಬಂದ ಕೂಡಲೇ ಎಲ್ಲರ ದನಿಯನ್ನೂ ಒಟ್ಟಿಗೆ ಇಳಿಸುತ್ತದೆ. ರಿಗ್‌ನ ಒಳಗಿನ ಆಟೋ ಗೇನ್ ಆದ ಎಜಿಸಿಯೂ ಅಷ್ಟೇ. ನಾನಂತೂ ಡಿಜಿಟಲ್ ಮೋಡ್‌ಗೆ ಎಜಿಸಿ ಆಫ್ ಮಾಡಿ, ಆರ್‌ಎಫ್ ಗೇನ್ (ಆಂಟೆನಾದಿಂದ ಬಂದ ಸಿಗ್ನಲನ್ನು ರಿಗ್ ಎಷ್ಟು ಏರಿಸುತ್ತದೆ ಅನ್ನುವುದು) ಇಳಿಸಿಕೊಂಡು ಕೇಳುತ್ತೇನೆ. ಲಿನಕ್ಸ್ ಬಳಸುವವರು ಆಲ್ಸಾಮಿಕ್ಸರ್ ತೆರೆದು ಆಟೋ ಗೇನ್ ಕಂಟ್ರೋಲ್ ಆನ್ ಇದೆಯಾ ಅಂತ ಒಮ್ಮೆ ನೋಡಿ. ಅಗ್ಗದ ಯುಎಸ್‌ಬಿ ಕಾರ್ಡ್‌ಗಳಲ್ಲಿ ಅದು ಎಷ್ಟೋ ಸಲ ಆನ್ ಆಗಿಯೇ ಬರುತ್ತದೆ.

ಒಂದೊಂದು ಪ್ರೋಗ್ರಾಮ್ ಒಂದೊಂದು ಥರ ತೋರಿಸುತ್ತದೆ ಅನ್ನುವುದೂ ನೆನಪಿರಲಿ. ಎಫ್‌ಎಲ್‌ಡಿಜಿಯಲ್ಲಿ ಬಲಗಡೆ ಕೆಳಗೆ ಸಣ್ಣ ವಜ್ರದ ಆಕಾರ ಇರುತ್ತದೆ. ಕಪ್ಪಾಗಿದ್ದರೆ ಕಮ್ಮಿ, ಹಸಿರಿದ್ದರೆ ಸರಿ, ಹಳದಿಯಾದರೆ ಹುಷಾರು, ಕೆಂಪಾದರೆ ತುಂಬಿ ತುಳುಕುತ್ತಿದೆ ಅಂತ. ಎಪಿಆರ್‌ಎಸ್‌ಗೆ (ಇರುವ ಜಾಗ ಮುಂತಾದ ಮಾಹಿತಿಯನ್ನು ರೇಡಿಯೋದಲ್ಲಿ ಕಳಿಸುವ ಪದ್ಧತಿ) ಡೈರ್‌ವುಲ್ಫ್ ಪ್ರೋಗ್ರಾಮ್ ಬಳಸುವವರಿಗೆ ಪ್ರತಿ ಪ್ಯಾಕೆಟ್ ಜೊತೆಗೂ ಒಂದು ನಂಬರ್ ಬರುತ್ತದೆ. ಹೆಚ್ಚಿನ ಸ್ಟೇಷನ್‌ಗಳು 50ರ ಆಸುಪಾಸು ಇರಬೇಕು. ಇಲ್ಲಿನ ಮೂವತ್ತನ್ನು ಅಲ್ಲಿಗೆ ಒಯ್ಯಬೇಡಿ. ಅಲ್ಲಿ ಅದು ಡಿಬಿ ಲೆಕ್ಕವೇ ಅಲ್ಲ.

ಕಳಿಸುವಾಗಲೂ ಇದೇ ಎಚ್ಚರ ಬೇಕು. ಕಂಪ್ಯೂಟರ್‌ನಿಂದ ರಿಗ್‌ಗೆ ಹೋಗುವ ಆಡಿಯೋ ಜಾಸ್ತಿಯಾದರೆ ಕೆಡುವುದು ನಿಮ್ಮ ಸಿಗ್ನಲ್ ಮಾತ್ರ ಅಲ್ಲ, ಬ್ಯಾಂಡ್‌ನಲ್ಲಿರುವ ಬೇರೆಯವರ ರಾತ್ರಿಯೂ ಕೆಡುತ್ತದೆ. ರಿಗ್‌ನ ಎಎಲ್‌ಸಿ ಮುಳ್ಳು (ಕಳಿಸುವ ಆಡಿಯೋ ಜಾಸ್ತಿಯಾದಾಗ ಏಳುವ ಮೀಟರ್) ಏಳದಷ್ಟು ಇಳಿಸಿ. ಎಫ್‌ಟಿ8ಗೆ ಬೇಕಾಗುವುದು ಬರೀ 50 ಹರ್ಟ್ಸ್ ಅಗಲ. ಅಷ್ಟರಲ್ಲಿ ಇರೋಣ.

ನಾನು ಈಗ ಟೇಬಲ್ ಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ರಿಗ್ ಆನ್ ಮಾಡಿದ ಕೂಡಲೇ ಎರಡು ನಂಬರ್ ಬರೆಯುತ್ತೇನೆ. ಆಂಟೆನಾ ಬಿಚ್ಚಿದಾಗ ಎಷ್ಟು, ಹಾಕಿದಾಗ ಎಷ್ಟು. ಹಾಕಿದಾಗ ಏರಲಿಲ್ಲ ಅಂದರೆ ನಾವು ಕೇಳುತ್ತಿರುವುದು ಬ್ಯಾಂಡನ್ನಲ್ಲ, ನಮ್ಮದೇ ವೈರು, ಸೌಂಡ್ ಕಾರ್ಡ್‌ನ ಗದ್ದಲವನ್ನು. ಹಾವೇರಿಯ ಹುಡುಗನಿಗೂ ಹೀಗೇ ಬರೆದಿಡು ಅಂದಿದ್ದೇನೆ.

ಆ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪುಟ ಇದೆ. ಹೋದ ಬೇಸಿಗೆಯ ಒಂದು ಸಂಜೆ. ನಮ್ಮ ರಿಗ್ ಬ್ಯಾಟರಿ ಮೇಲಿದೆ, ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿರಲಿಲ್ಲ. 7.10ಕ್ಕೆ ಆಂಟೆನಾ ಬಿಚ್ಚಿ 14, ಹಾಕಿ 38. 7.25ಕ್ಕೆ ಊರಿಗೇ ಕರೆಂಟ್ ಹೋಯಿತು. ಬೀದಿ ದೀಪ, ಪಕ್ಕದ ಮನೆಯ ಎಲ್‌ಇಡಿ ಬಲ್ಬು, ಟಿವಿ, ಮೊಬೈಲ್ ಚಾರ್ಜರ್ ಎಲ್ಲ ಒಂದೇ ಏಟಿಗೆ ಆರಿದವು. ನಾನು ಏನನ್ನೂ ಮುಟ್ಟಿರಲಿಲ್ಲ. ಪಟ್ಟಿ ಸರ್ರನೆ ಇಳಿದು 27ಕ್ಕೆ ನಿಂತಿತು. ವಾಟರ್‌ಫಾಲ್ ಕಪ್ಪಾಯಿತು. ಆ ಕಪ್ಪಿನ ಮೇಲೆ, ಇಷ್ಟು ಹೊತ್ತೂ ಇದ್ದರೂ ಕಾಣದೇ ಇದ್ದ ಸಣ್ಣ ಸಣ್ಣ ಗೆರೆಗಳು ಒಂದೊಂದಾಗಿ ಎದ್ದವು. ಕತ್ತಲಲ್ಲಿ ಸ್ಕ್ರೀನ್ ಬೆಳಕಿನಲ್ಲೇ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: "7.25, ಕರೆಂಟ್ ಇಲ್ಲ, 27. ಡಿಕೋಡ್ 9 ಇದ್ದದ್ದು 22."

8.05ಕ್ಕೆ ಕರೆಂಟ್ ಬಂತು. ಅದರ ಕೆಳಗೆ ಮತ್ತೆ 38 ಅಂತಿದೆ.