ಡಬ್ಬಿ ಖಾಲಿ ಮಾಡೋದು ಅಭ್ಯಾಸ ಅಲ್ರಿ

ಇವತ್ತು ಸಂಜೆ ಏರ್ ರೈಫಲ್ ಅಭ್ಯಾಸಕ್ಕೆ ಬಂದ, ಹದಿನಾಲ್ಕು ವರ್ಷದ ಆಸುಪಾಸಿನ ಒಬ್ಬ ಹುಡುಗ ಒಂದೂಕಾಲು ತಾಸಿನಲ್ಲಿ 200 ಛರ್ರಾ, ಅಂದರೆ ಸೀಸದ ಸಣ್ಣ ಗುಂಡು, ಹೊಡೆದು ಮುಗಿಸಿದ. ತುಂಬುವುದು, ರೈಫಲ್ ಎತ್ತುವುದು, ಗುರಿ ಹಿಡಿಯುವುದು, ಹೊಡೆಯುವುದು ಎಲ್ಲ ಸೇರಿ ಒಂದಕ್ಕೆ ಇಪ್ಪತ್ತೆರಡು ಸೆಕೆಂಡು. ಕಲಿಸುವವರು ಬೆನ್ನು ತಟ್ಟಿ "ಭೇಷ್! ನಾಳಿ ಎರಡನೂರೈವತ್ತು" ಅಂದರು. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಮೆಲ್ಲಗೆ ಕೇಳಿದರು, "ಸರ್, ಮತ್ತ ಛರ್ರಾದ ಡಬ್ಬಿ ತರಸಬೇಕೇನ್ರಿ? ಹ್ವಾದ ವಾರನೇ ತಂದಿದ್ದೆವಲ್ರಿ." ಬಂದ ಉತ್ತರ: "ಗುಂಡು ಹೊಡೀಲಾರದ ಸ್ಕೋರ್ ಹ್ಯಾಂಗ ಬರ್ತದ್ರಿ?"

ಆ ಮಾತು ಕೇಳಿದಾಗಿನಿಂದ ಹೊಟ್ಟೆ ಉರೀತಿದೆ. ಕಲಬುರಗಿಯಲ್ಲಿ ಈ ಆಟ ಕಲಿಯುವ ಮಕ್ಕಳ ಮನೆಗಳು ಹೇಗಿವೆ ಅಂತ ನಿಮಗೆ ಗೊತ್ತು. ತೊಗರಿ ಮಾರಿದ ದುಡ್ಡಲ್ಲಿ ವರ್ಷ ನಡೆಸುವವರು, ಸಣ್ಣ ನೌಕರಿಯವರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು, ಪಕ್ಕದ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದರು. ಅದನ್ನು ಟಿವಿಯಲ್ಲಿ ನೋಡಿ ಆಸೆಪಟ್ಟು ಮಕ್ಕಳನ್ನು ಕರೆತಂದವರು ಇವರು. ಇಂಥವರಿಗೆ ಎಣಿಕೆಯ ಅಭ್ಯಾಸ ಹೇಳಿಕೊಟ್ಟರೆ ಆರು ತಿಂಗಳಲ್ಲಿ ಮಗು ಮನೆಗೆ. ಕೈ ಸರಿಯಿಲ್ಲ ಅಂತಲ್ಲ, ಡಬ್ಬಿ ಮುಗಿಯಿತು ಅಂತ.

ಲೆಕ್ಕ ನೋಡ್ರಿ. ಒಂದು ಡಬ್ಬಿಯಲ್ಲಿ 500 ಛರ್ರಾ. 10 ಮೀಟರ್ ಪಂದ್ಯದಲ್ಲಿ ಲೆಕ್ಕಕ್ಕೆ ಬರುವುದು 60, ಮೊದಲು ಗುರಿ ಹೊಂದಿಸಿಕೊಳ್ಳುವ ಸೈಟಿಂಗ್ ಹೊಡೆತಕ್ಕೆ 15 ಹಿಡಿದರೆ 75. ಅಂದರೆ ಒಂದು ಡಬ್ಬಿಗೆ ಆರೂವರೆ ಪೂರ್ತಿ ಪಂದ್ಯ. ದಿನಕ್ಕೆ 200 ಹೊಡೆದರೆ ಅದೇ ಡಬ್ಬಿ ಎರಡೂವರೆ ದಿನ, ತಿಂಗಳಿಗೆ 25 ದಿನ ಬಂದರೆ 10 ಡಬ್ಬಿ. ಡಬ್ಬಿಗೆ ನೂರು ರೂಪಾಯಿ ಏರಿತು ಅಂದಾಗ ಛರ್ರಾ ಒಂದಕ್ಕೆ ಇಪ್ಪತ್ತೇ ಪೈಸೆ. ದಿನಕ್ಕೆ 40 ಹೊಡೆಯುವವನಿಗೆ ಅದು ತಿಂಗಳಿಗೆ 200 ರೂಪಾಯಿ ಹೆಚ್ಚುವರಿ, 200 ಹೊಡೆಯುವವನಿಗೆ ಸಾವಿರ. ಬೆಲೆ ನಮ್ಮ ಕೈಯಲ್ಲಿಲ್ಲ, ಎಣಿಕೆ ನಮ್ಮ ಕೈಯಲ್ಲಿದೆ.

ಬೆಲೆ ಯಾಕೆ ಇಳಿಯುತ್ತಿಲ್ಲ ಅಂತ ಕೇಳುವವರಿಗೆ: ಪಂದ್ಯದ ದರ್ಜೆಯ ಛರ್ರಾ ಬರುವುದು ಬಹುಪಾಲು ಜರ್ಮನಿಯಿಂದ, ಜೆಕ್ ದೇಶದಿಂದ, ಒಂದಿಷ್ಟು ಚೀನಾದಿಂದ. ಯೂರೋ ಏರಿದರೂ ಸೀಸ ಏರಿದರೂ ಡಬ್ಬಿಯ ಬೆಲೆಗೆ ತಾಗುತ್ತದೆ. ಕಾಡತೂಸಿನ ಕಥೆ ಇನ್ನೂ ಕಷ್ಟದ್ದು. 2020ರಲ್ಲಿ ಕೊರೊನಾ ಹೆದರಿಕೆಗೆ ಅಮೆರಿಕದ ಜನ ಅಂಗಡಿಗಳನ್ನೇ ಬರಿದು ಮಾಡಿದರು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಮದ್ದಿಗೆ ಬೇಕಾದ ನೈಟ್ರೊಸೆಲ್ಯುಲೋಸ್‌ಗೆ ಯುರೋಪಿನಲ್ಲಿ ಸೈನ್ಯಗಳೇ ಮೊದಲ ಗಿರಾಕಿ. ಆಟಗಾರನ ಸರದಿ ಕೊನೆಗೆ.

ಇನ್ನು ಬ್ರ್ಯಾಂಡಿನ ಮಾತು. ಎರಡು ತಿಂಗಳ ಹಿಂದೆ ರೈಫಲ್ ಮುಟ್ಟಿದ ಮಗುವಿನ ಕೈಗೆ ಅತಿ ದುಬಾರಿ ಡಬ್ಬಿ ಕೊಡಿಸುವುದು ಅನ್ಯಾಯ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಏರ್ ರೈಫಲ್‌ನ ಗುರಿ ಕಾರ್ಡಿನಲ್ಲಿ 10 ಅಂಕದ ಚುಕ್ಕೆ ಬರೀ 0.5 ಮಿ.ಮೀ., 9ರ ವೃತ್ತ 5.5, 8ರದು 10.5, 7ರದು 15.5 ಮಿ.ಮೀ. ಹೊಸಬರ ಹೊಡೆತಗಳು 7ರ ವೃತ್ತದ ತುಂಬ ಹರಡಿರುತ್ತವೆ, ಅಂದರೆ ಸುಮಾರು 15 ಮಿ.ಮೀ. ಸಾಧಾರಣ ಛರ್ರಾ ತನ್ನ ಪಾಲಿಗೆ 2 ಮಿ.ಮೀ. ಹರಡುತ್ತದೆ ಅಂತ ಇಟ್ಟುಕೊಳ್ಳಿ. ಎರಡನ್ನೂ ಕೂಡಿಸಿ 17 ಅನ್ನಬಾರದು. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು ವರ್ಗದ ಲೆಕ್ಕದಲ್ಲಿ ಸೇರುತ್ತವೆ: 225ಕ್ಕೆ 4 ಸೇರಿಸಿ ವರ್ಗಮೂಲ ತೆಗೆದರೆ 15.1. ದುಬಾರಿ ಡಬ್ಬಿ ಆ ಮಗುವಿಗೆ ಉಳಿಸಿದ್ದು ಮಿಲಿಮೀಟರಿನ ಹತ್ತನೇ ಒಂದು ಭಾಗ! ಕೈ 5 ಮಿ.ಮೀ. ಒಳಗೆ ನಿಂತ ದಿನ ಛರ್ರಾದ ಮಾತು ಆಡೋಣ. ಪಿಸ್ತೂಲಿನವರಿಗಂತೂ 10ರ ವೃತ್ತವೇ 11.5 ಮಿ.ಮೀ., ಅವರು ಇನ್ನೂ ತಡವಾಗಿ ಚಿಂತೆ ಮಾಡಿದರೆ ಸಾಕು.

ಹಾಗಾದರೆ ಅಭ್ಯಾಸ ಅಂದರೇನು? ಒಣ ಅಭ್ಯಾಸ. ಛರ್ರಾ ಹಾಕದೆ, ಪೂರ್ತಿ ಹೊಡೆತದಷ್ಟೇ ಶ್ರದ್ಧೆಯಿಂದ. ಪಂದ್ಯದ ದರ್ಜೆಯ ಏರ್ ರೈಫಲ್, ಪಿಸ್ತೂಲುಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ಗುಂಡಿ ಅಥವಾ ಸನ್ನೆಕೋಲು ಇರುತ್ತದೆ. ಅದನ್ನು ತಿರುಗಿಸಿದರೆ ಟ್ರಿಗರ್ ಮಾತ್ರ ಕ್ಲಿಕ್ ಅನ್ನುತ್ತದೆ, ಗಾಳಿ ಹೋಗುವುದಿಲ್ಲ. ಸ್ಪ್ರಿಂಗ್ ರೈಫಲ್ ಇದ್ದವರು ಮಾತ್ರ ಛರ್ರಾ ಇಲ್ಲದೆ ಹೊಡೆಯಲೇಬೇಡಿ. ಛರ್ರಾದ ತಡೆ ಇದ್ದಾಗ ಒಳಗೆ ಗಾಳಿಯ ದಿಂಬು ಉಳಿದು ಪಿಸ್ಟನ್ನನ್ನು ಮೆತ್ತಗೆ ನಿಲ್ಲಿಸುತ್ತದೆ. ಅದಿಲ್ಲದಿದ್ದರೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ, ಸೀಲ್ ಹರಿಯುತ್ತದೆ, ಸ್ಪ್ರಿಂಗ್ ಸೋಲುತ್ತದೆ. ಅವರು ಎತ್ತುವುದು, ಹಿಡಿಯುವುದು, ಇಳಿಸುವುದು ಇಷ್ಟನ್ನೇ ಮಾಡಲಿ.

ಮನೆಯಲ್ಲಿ 10 ಮೀಟರ್ ಜಾಗ ಯಾರಿಗಿದೆ? ಬೇಕಾಗಿಯೂ ಇಲ್ಲ. ರೈಫಲ್ ಕಾರ್ಡಿನ ಕಪ್ಪು 30.5 ಮಿ.ಮೀ. 5 ಮೀಟರಿಗೆ 15 ಮಿ.ಮೀ. ಕಪ್ಪು ವೃತ್ತ ಬರೆದು ಅಂಟಿಸಿ, 3 ಮೀಟರಿಗೆ 9 ಮಿ.ಮೀ. ಪಿಸ್ತೂಲಿನ ಕಪ್ಪು 59.5 ಮಿ.ಮೀ., 5 ಮೀಟರಿಗೆ 30, 3 ಮೀಟರಿಗೆ 18. ಎತ್ತರ ಪಂದ್ಯದಲ್ಲಿ ಇರುವಷ್ಟೇ ಕಾಣುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಸೊಂಟ ಬೇರೆ ಭಂಗಿ ಕಲಿಯುತ್ತದೆ. ಗೋಡೆಯ ಆಚೆ ಯಾರೂ ಕೂರದ ಕಡೆಗೇ ಮುಖ ಮಾಡಿ. ಛರ್ರಾದ ಡಬ್ಬಿ ಆ ಕೋಣೆಯಲ್ಲೇ ಇರಬಾರದು, ಶುರು ಮಾಡುವ ಮೊದಲು ಬ್ಯಾರೆಲ್ ಖಾಲಿ ಅಂತ ಕಣ್ಣಾರೆ ನೋಡಬೇಕು.

ಒಂದು ತಾಸು ಇದ್ದರೆ ಹೀಗೆ ಹಂಚಿ. ಮೊದಲ 15 ನಿಮಿಷ ಬರೀ ಹಿಡಿತ, ಟ್ರಿಗರ್ ಮುಟ್ಟುವಂತಿಲ್ಲ. ಆಮೇಲೆ 30 ಒಣ ಹೊಡೆತ. ಪ್ರತಿ ಸಲ ಟ್ರಿಗರ್ ಕ್ಲಿಕ್ ಅಂದ ಕ್ಷಣ ಸೈಟ್, ಅಂದರೆ ರೈಫಲ್ ಮೇಲೆ ಗುರಿ ನೋಡುವ ಸಾಧನ, ಎಲ್ಲಿತ್ತು ಅಂತ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬಾಯಿಬಿಟ್ಟು ಹೇಳಬೇಕು: "ಎರಡು ಗಂಟೆ, ಒಂಬತ್ತು", ಅಂದರೆ ಎರಡು ಗಂಟೆಯ ದಿಕ್ಕಿಗೆ, 9ರ ವೃತ್ತ. ಕೊನೆಗೆ 20 ನಿಜವಾದ ಛರ್ರಾ, ಅದರಲ್ಲೂ ಕಾರ್ಡ್ ನೋಡುವ ಮೊದಲೇ ಹೇಳಿದ್ದನ್ನು ಬರೆದಿಡಬೇಕು. ಬರೆದದ್ದು ಮತ್ತು ಬಿದ್ದದ್ದು ಕೂಡಿದರೆ ಸೈಟ್ ಸರಿ, ಕಣ್ಣು ಸರಿ. ಕೂಡದಿದ್ದರೆ ಟ್ರಿಗರ್ ಎಳೆಯುವಾಗ ಮಣಿಕಟ್ಟು ಕದಲುತ್ತಿದೆ, ಅಥವಾ ಹೊಡೆದ ಕೂಡಲೇ ತಲೆ ಎತ್ತುತ್ತಿದ್ದೀರಿ. ಇದು 20ರಲ್ಲಿ ಗೊತ್ತಾಗುತ್ತದೆ. 200 ಹೊಡೆದವನಿಗೆ ಗೊತ್ತಾಗುವುದೇ ಇಲ್ಲ, ಯಾಕಂದ್ರೆ ನೂರರ ಹೊತ್ತಿಗೆ ಭುಜ ಸೋತು ಹೊಸ ತಪ್ಪುಗಳು ಹುಟ್ಟಿರುತ್ತವೆ, ಕೊನೆಯ ನೂರರಲ್ಲಿ ಆ ತಪ್ಪುಗಳೇ ಗಟ್ಟಿಯಾಗುತ್ತವೆ.

ಹೊಡೆಯದೆ ರೈಫಲ್ ಇಳಿಸುವುದನ್ನು ಮಕ್ಕಳಿಗೆ ಯಾರೂ ಕಲಿಸುತ್ತಿಲ್ಲ, ಅದು ನನ್ನ ದೊಡ್ಡ ಸಂಕಟ. ಸೈಟ್ ಕಪ್ಪಿನ ಮೇಲೆ ನಿಂತ ಮೇಲೆ ಐದರಿಂದ ಎಂಟು ಸೆಕೆಂಡಿನಲ್ಲಿ ಹೊಡೆತ ಹೋಗಬೇಕು. ಹತ್ತು ದಾಟಿತೋ, ಕಣ್ಣಿಗೆ ಕಾಣುತ್ತಿರುವುದು ಹಳೇ ಚಿತ್ರ, ಸ್ನಾಯು ನಡುಗುತ್ತಿದೆ. ರೈಫಲ್ ಇಳಿಸಿ, ಎರಡು ಉಸಿರು ತಗೊಂಡು ಮತ್ತೆ ಎತ್ತಬೇಕು. ಪಂದ್ಯದಲ್ಲಿ 60 ಹೊಡೆತಕ್ಕೆ 75 ನಿಮಿಷ ಕೊಡುತ್ತಾರೆ, ಇಳಿಸುವುದಕ್ಕೆ ಬೇಕಾದಷ್ಟು ಸಮಯ ಇದೆ. "ಇನ್ನೂರು ಮುಗಿಸು" ಅಂದರೆ ಯಾವ ಮಗು ಇಳಿಸೀತು?

ಇದ್ದ ಛರ್ರಾವನ್ನು ಕೆಡಿಸುವ ರೀತಿ ನೋಡಿದರೂ ಸಂಕಟ. ಸೀಸ ಮೆತ್ತಗಿನ ಲೋಹ. ಡಬ್ಬಿ ಕೆಳಗೆ ಬಿದ್ದರೆ ಛರ್ರಾದ ಹಿಂಬದಿಯ ತೆಳು ಅಂಚು ಸೊಟ್ಟಗಾಗುತ್ತದೆ. ಆ ಅಂಚೇ ಬ್ಯಾರೆಲ್ಲಿನಲ್ಲಿ ಗಾಳಿಯನ್ನು ತಡೆಹಿಡಿಯುವುದು, ಅಲ್ಲಿ ಸೋರಿದರೆ ಹೊಡೆತ ಎತ್ತ ಬೇಕಾದರೂ ಹೋಗುತ್ತದೆ. ಅಂಗೈಗೆ ಸುರಿದುಕೊಳ್ಳಬೇಡಿ, ಜೇಬಿಗಂತೂ ಹಾಕಲೇಬೇಡಿ. ಬಟ್ಟೆ ಹಾಸಿದ ತಟ್ಟೆಗೆ ಐವತ್ತು ತೆಗೆದುಕೊಂಡು ಒಂದೊಂದನ್ನೇ ನೋಡಿ. ಸೊಟ್ಟಗಿದ್ದವನ್ನು ಬೇರೆ ಇಡಿ, ಮೊದಲ ಐದು ಹೊಡೆತಕ್ಕೆ ಸಾಕು. ಪಿನ್ನಿನಿಂದ ನೆಟ್ಟಗೆ ಮಾಡಲು ಹೋಗಬೇಡಿ, ಇನ್ನೂ ಕೆಡುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಅದು ವಿಷ. ಹೊಡೆದಾದ ಮೇಲೆ ಕೈ ತೊಳೆಯದೆ ಮಕ್ಕಳು ಮಂಡಕ್ಕಿ ತಿನ್ನುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಗುರಿಯ ಹಿಂದೆ ಬಿದ್ದ ಸೀಸವನ್ನು ಒಣ ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿಕೊಂಡು ಕೂಡಿಟ್ಟು ಗುಜರಿಗೆ ಕೊಡಿ. ಮತ್ತೆ ಛರ್ರಾ ಆಗಿ ಬಳಸುವ ಮಾತೇ ಬೇಡ.

ಪಂದ್ಯದ ರೈಫಲ್ಲಿನಲ್ಲಿ ಒತ್ತಿ ತುಂಬಿದ ಸಿಲಿಂಡರಿನ ಗಾಳಿ ತೀರಾ ಇಳಿದಾಗ ಹೊಡೆತ ಕೆಳಗೆ ಬೀಳತೊಡಗುತ್ತದೆ. ಮಾಪಕ ನೋಡದೆ ಸೈಟ್ ತಿರುಗಿಸುತ್ತ ಇಪ್ಪತ್ತು ಛರ್ರಾ ಹಾಳು ಮಾಡುವವರು ಬಹಳ. ನಮ್ಮ ಮೇ ತಿಂಗಳಲ್ಲಿ ಸಿಲಿಂಡರನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಪಾಯಿಂಟ್ ಟೂಟೂ, ಅಂದರೆ .22 ಕಾಡತೂಸಿನ ರೈಫಲ್, ಹೊಡೆಯುವ ಗೆಳೆಯರಿಗೆ. ಅಲ್ಲಿ ಲಾಟ್, ಅಂದರೆ ಒಂದೇ ಸಲ ತಯಾರಾದ ಕಂತು, ನೋಡುವುದು ಇನ್ನೂ ಮುಖ್ಯ. 50 ಮೀಟರಿನಲ್ಲಿ ಗುಂಡಿನ ವೇಗ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಾದರೆ ಮೇಲೆ ಕೆಳಗೆ ಏಳೆಂಟು ಮಿ.ಮೀ. ಸರಿಯುತ್ತದೆ, 10ರ ವೃತ್ತ ಇರುವುದೇ 10.4 ಮಿ.ಮೀ. ನಿಮ್ಮ ಬ್ಯಾರೆಲ್ಲಿಗೆ ಒಪ್ಪಿದ ಲಾಟನ್ನು ಪಂದ್ಯಕ್ಕೆ ಎತ್ತಿಡಿ, ಭಂಗಿ ಕಲಿಯಲು ಅಗ್ಗದ್ದು ಸಾಕು. ಕಾಡತೂಸು ಕೂರುವ ಚೇಂಬರ್ ಖಾಲಿ ಇದ್ದಾಗ ಒಣ ಹೊಡೆತ ಬೇಡ, ಕಾಡತೂಸಿಗೆ ಬಡಿಯುವ ಪಿನ್ ಚೇಂಬರಿನ ಅಂಚಿಗೆ ಬಡಿದು ಗುಳಿ ಬೀಳಬಹುದು, ಪ್ಲಾಸ್ಟಿಕ್ ಡಮ್ಮಿ ಹಾಕಿ. ಹೊಡೆದ ಖೋಲು ತುಂಬಿಸಿಕೊಳ್ಳಬಹುದೇ ಅಂತ ಕೇಳುವವರು ಇದ್ದಾರೆ. ಆಗುವುದಿಲ್ಲ. ಸಿಡಿಯುವ ಮದ್ದು ಇರುವುದು ಖೋಲಿನ ಅಂಚಿನೊಳಗೆ, ಪಿನ್ ಅದನ್ನೇ ಜಜ್ಜಿರುತ್ತದೆ. ಮೇಲಾಗಿ ಕಾಡತೂಸು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬೇರೆ ಲೈಸೆನ್ಸ್ ಬೇಕು. ಟ್ರ್ಯಾಪ್, ಅಂದರೆ ಎರಡು ನಳಿಗೆಯ ಬಂದೂಕಿನಿಂದ ಹಾರುವ ತಟ್ಟೆ, ಹೊಡೆಯುವವರು ಅಭ್ಯಾಸದಲ್ಲಿ ಎರಡನೇ ನಳಿಗೆ ತುಂಬದೆ ಆಡಿ. ಕಾಡತೂಸು ಉಳಿಯುತ್ತದೆ, ಮೊದಲ ಹೊಡೆತಕ್ಕೆ ಗಮನ ಬರುತ್ತದೆ.

"ದೊಡ್ಡ ಆಟಗಾರರು ದಿನಕ್ಕೆ ನೂರಾರು ಹೊಡೀತಾರಲ್ಲ" ಅಂತ ಯಾರಾದರೂ ಬರೆಯುತ್ತಾರೆ, ಗೊತ್ತು. ಹೊಡೀತಾರೆ. ಅವರ ಹಿಡಿತ ಆಗಲೇ 10ರ ಸುತ್ತ ನಿಂತಿರುತ್ತದೆ, ಮಿಲಿಮೀಟರಿನ ಭಾಗಕ್ಕಾಗಿ ಹೊಡೀತಾರೆ. ಪ್ರತಿಯೊಂದನ್ನೂ ನೋಡಿ ತಿದ್ದುವ ಕೋಚ್ ಪಕ್ಕದಲ್ಲಿ ನಿಂತಿರುತ್ತಾರೆ, ಗುಂಡಿನ ಖರ್ಚು ಬೇರೆಯವರದು. ಅವರ ಎಣಿಕೆಯನ್ನಷ್ಟೇ ಕಿತ್ತು ತಂದು ಎಂಟನೇ ತರಗತಿಯ ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ? ಅವರೂ ಒಣ ಅಭ್ಯಾಸ ಬಿಟ್ಟಿಲ್ಲ.

ಸಿಕ್ಕಾಗ ಹತ್ತು ಡಬ್ಬಿ ಕೂಡಿಹಾಕುವವರಿಗೂ ಒಂದು ಮಾತು. ಮೂರು ತಿಂಗಳಿಗೆ ಬೇಕಾದಷ್ಟು ಇಟ್ಟುಕೊಳ್ಳಿ, ಸಾಕು. ದಿನಕ್ಕೆ 20, ತಿಂಗಳಿಗೆ 25 ದಿನ ಅಂದರೆ ತಿಂಗಳಿಗೊಂದೇ ಡಬ್ಬಿ. ನೀವು ಬಚ್ಚಿಟ್ಟ ಏಳನೇ ಡಬ್ಬಿಗಾಗಿ ಇನ್ನೊಬ್ಬರ ಮಗು ಬೆಂಗಳೂರು, ಹೈದರಾಬಾದಿನ ಅಂಗಡಿಗಳಿಗೆ ಫೋನ್ ಮಾಡಿಸುತ್ತ ಕೂತಿರುತ್ತದೆ.

ಅದರ ಬದಲು ಕೂಡಿ ತರಿಸೋಣ. ನಿಮ್ಮಲ್ಲಿರುವ ಡಬ್ಬಿಯ ಹೆಸರು, ಛರ್ರಾದ ತಲೆಯ ಅಳತೆ 4.49, 4.50 ಅಥವಾ 4.51 ಮಿ.ಮೀ., ಅದರ ಮೇಲಿನ ಲಾಟ್ ನಂಬರ್ ಇಷ್ಟನ್ನು ಕೆಳಗೆ ಬರೆಯಿರಿ. ಭಾನುವಾರ ಪ್ರತಿಯೊಬ್ಬರೂ ಇಪ್ಪತ್ತು ಛರ್ರಾ ತನ್ನಿ. ರೈಫಲ್ಲನ್ನು ಅಲುಗದಂತೆ ಬಿಗಿದು ಪ್ರತಿ ಲಾಟಿನಿಂದ ಐದೈದರಂತೆ ಎರಡು ಗುಂಪು ಹೊಡೆಯೋಣ, ಗುಂಪಿನ ಅಗಲ ಅಳೆದು ಬರೆಯೋಣ. ಯಾವುದು ಹೆಚ್ಚು ರೈಫಲ್ಲುಗಳಿಗೆ ಒಪ್ಪಿತೋ ಆ ಲಾಟನ್ನೇ ಎಂಟು ಹತ್ತು ಮನೆಯವರು ಸೇರಿ ಒಟ್ಟಿಗೆ ತರಿಸಿದರೆ ಕೊರಿಯರ್ ಖರ್ಚು ಹಂಚಿಹೋಗುತ್ತದೆ, ಡಬ್ಬಿ ಬದಲಾದಾಗ ಸೈಟ್ ಹೊಂದಿಸಲು ಹಾಳಾಗುವ ಛರ್ರಾವೂ ಉಳಿಯುತ್ತದೆ. ಇವತ್ತಿನ ಆ ಅಪ್ಪನಿಗೂ ಹೇಳಿದ್ದೇನೆ, ಮಗನನ್ನು ಕರೆದುಕೊಂಡು ಬರ್ತೀನಿ ಅಂದಿದ್ದಾರೆ. ಬೆಳಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು.