ಹವಾಮಾನ ನಿಧಿಗೆ ಅರ್ಜಿ ಶುಲ್ಕ ಇಲ್ಲ: ಒಂದು ಸ್ಪಷ್ಟನೆ

‘ವಿದೇಶದಿಂದ ಹವಾಮಾನ ನಿಧಿ ಬಂದಿದೆ, ಮನೆಗೆ 25,000 ರೂಪಾಯಿ, 200 ಕಟ್ಟಿ ಫಾರಂ ತುಂಬಿ’ ಅನ್ನೋ ವಾಟ್ಸಾಪ್ ಮೆಸೇಜ್ ಬೆಂಗಳೂರಿನ ಈಜಿಪುರ, ಬೆಳ್ಳಂದೂರು ಕಡೆ ಓಡಾಡುತ್ತಿದೆ. ಇದು ಸುಳ್ಳು. ದಯವಿಟ್ಟು ಯಾರೂ ಹಣ ಕಟ್ಟಬೇಡಿ.

ಹವಾಮಾನ ನಿಧಿ ಅಂತ ಒಂದು ಇರುವುದು ನಿಜ, ಮಳೆ-ಬಿಸಿಲಿನ ಹೊಡೆತ ತಡೆಯುವ ಕೆಲಸಗಳಿಗೆ. ಅದರ ಓಡಾಟದ ಕೆಲಸ ನನ್ನದು. ಹಣ ಹೋಗುವುದು ಬಡಾವಣೆಯ ಗುಂಪುಗಳಿಗೆ, ಮನೆಮನೆಗೆ ಅಲ್ಲ. ವಿದೇಶದ ಹಣವೂ ಅಲ್ಲ. ವಿದೇಶಿ ದೇಣಿಗೆಯ ಕಾಯ್ದೆಗೆ (FCRA) 2020ರಲ್ಲಿ ತಿದ್ದುಪಡಿ ಆದಮೇಲೆ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತೆಯೇ ಇಲ್ಲ. ನಮ್ಮದು ಇಲ್ಲಿನ ದಾನಿಗಳು ಕೊಟ್ಟದ್ದು.

‘ಕಮಿಟಿಯವರೇ ಹಂಚಿಕೊಳ್ತಾರೆ’ ಅಂತಲೂ ಆ ಮೆಸೇಜ್‌ನಲ್ಲಿ ಬರೆದಿದ್ದಾರೆ. ಇದು ನನಗೆ ಜಾಸ್ತಿ ನೋವು ತಂದಿತು. ಅರ್ಜಿಗಳನ್ನು ನೋಡಿ ತೀರ್ಮಾನಿಸುವ ಈ ಕಮಿಟಿಯಲ್ಲಿ ಇರುವವರು ಕಸ ಆಯುವವರು, ಪೌರಕಾರ್ಮಿಕರು, ಮನೆಗೆಲಸದ ಅಕ್ಕಂದಿರು. ತಮ್ಮ ಗುಂಪಿನ ಅರ್ಜಿ ಬಂದರೆ ಅವರು ಎದ್ದು ಹೊರಗೆ ಹೋಗಬೇಕು. ಓದು ಬಾರದವರು ವಾಯ್ಸ್ ಮೆಸೇಜ್‌ನಲ್ಲೇ ಅರ್ಜಿ ಹಾಕಬಹುದು. ಕಳೆದ ಸಲ ಬಿಸಿಲಿನ ಕಾವು ತಗ್ಗಿಸಲು ಶೀಟ್ ಮನೆಗಳ ಮೇಲೆ ಬಿಳಿ ಬಣ್ಣ ಬಳಿಯುವ ಅರ್ಜಿ ಬಂದಿತ್ತು. ಕಮಿಟಿಯ ಒಬ್ಬ ಅಕ್ಕ ಕೇಳಿದರು: “ಬಣ್ಣ ಸರಿ, ತುಕ್ಕು ಹಿಡಿದ ಶೀಟ್ ಮೇಲೆ ಅದು ಒಂದು ಮಳೆಗಾಲ ನಿಲ್ಲುತ್ತಾ?” ಶೀಟ್ ಉಜ್ಜುವ ಖರ್ಚನ್ನೂ ಸೇರಿಸಿಯೇ ಒಪ್ಪಿದೆವು. ಆಫೀಸಲ್ಲಿ ಕೂತವರಿಗೆ ಈ ಪ್ರಶ್ನೆ ಹೊಳೆಯುತ್ತಿತ್ತಾ?

2022ರ ಸೆಪ್ಟೆಂಬರ್ ಮಳೆಯಲ್ಲಿ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿದ್ದನ್ನು ಟಿವಿ ತೋರಿಸಿತು. ಶೀಟ್ ಮನೆಗಳಿಗೂ ನೀರು ನುಗ್ಗಿತ್ತು. ಈ ನಿಧಿ ಆ ಶೀಟ್ ಮನೆಯವರಿಗಾಗಿ.

ಈಗಾಗಲೇ 200 ಕಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಮೆಸೇಜ್ ಅಳಿಸಬೇಡಿ, ದೂರಿಗೆ ಬೇಕಾಗುತ್ತದೆ.